ವನಜಾಕ್ಷಿಯ ಬೆನ್ನು

ಇಲ್ಲ ಡಾಕ್ಟರೇ, ಆ ಪ್ರಶ್ನೆಯೇ ನನಗೆ ಹಿಡಿಸಲಿಲ್ಲ! ಮನೆಯಲ್ಲಿ ದಿನಾ ಉಜ್ಜುತ್ತಿದ್ದೀರಾ ಅಂತ ಕೇಳ್ತೀರಲ್ಲ... ಉಜ್ಜದೆ? ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ, ನೀವು ಹೇಳಿಕೊಟ್ಟ ಹಾಗೇ. ಆಮೇಲೆ ಹತ್ತಿ ಮಡಿಸಿಟ್ಟು ಬಿಗಿಯಾಗಿ ಪಟ್ಟಿ. ನಾನು ಸಿರಾದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ಮೇಟ್ರನ್ ರೀ. ಬೆಳಿಗ್ಗೆ ಎದ್ದರೆ ಒಬ್ಬೊಬ್ಬ ಹುಡುಗಿಯ ಉಗುರು, ತಲೆ, ಹಾಸಿಗೆ ನೋಡೋಳು. ಹೆತ್ತ ಮಗಳ ಆರೈಕೆ ತಪ್ಪಿಸ್ತೀನಾ?

ವನಜಾಕ್ಷಿ, ನೆಟ್ಟಗೆ ಕೂತ್ಕೋ. ಸೆರಗು ಮುಂದೆ ಹಿಡ್ಕೋ, ಬೆನ್ನಷ್ಟೇ ಡಾಕ್ಟರ ಕಡೆಗೆ. ಆ ಬಾಗಿಲ ಚಿಲಕ ಹಾಕಿದೆ ತಾನೆ?

ಯಾಕೆ ನಗ್ತೀರಿ? ನಿಮಗೆ ನಗು. ಸಿರಾದಲ್ಲೇ ತೋರಿಸಿದರೆ ಗುರುತಿನವರ ಕಣ್ಣಿಗೆ ಬೀಳ್ತೀವಿ ಅಂತ ಬಸ್ಸು ಹತ್ತಿ ಈ ಮಧುಗಿರಿಗೆ ಬರ್ತೀನಿ. ಇಲ್ಲಿ ನೋಡಿದರೆ ಹೊರಗೆ ಬೆಂಚಿನ ಮೇಲೆ ತೋವಿನಕೆರೆ ಕೆಂಪಕ್ಕ! ಅವಳ ಮಗಳು ನನ್ನ ಹಾಸ್ಟೆಲಿನಲ್ಲೇ ಇರೋದು. "ಏನಮ್ಮೋ ಮೇಟ್ರನಮ್ಮ, ನಿಮ್ಗೂ ಕಾಯ್ಲೇನಾ? ಮಗೀನ ಬೆನ್ಮೇಲೆ ಅದೇನೋ ಎದ್ದೈತಂತೆ, ಅಂಗೇ ಬುಟ್ರೆ ಮನೆಯೋರಿಗೆಲ್ಲ ಹಬ್ಕಂತದೆ ಕಣಮ್ಮ!" ಅಷ್ಟು ಜನರ ಮುಂದೆ! ನೆಲ ಬಾಯಿಬಿಡಬಾರದೇ ಅನ್ನಿಸಿಬಿಡ್ತು. ಆದರೂ ಹೇಳಿದೆ, ಖಡಾಖಂಡಿತವಾಗಿ ಹೇಳಿದೆ. ಅದು ಅಂಟುರೋಗವಲ್ಲ, ಕೆಲಾಯ್ಡ್ ಅಂತಾರೆ. ದೊಡ್ಡ ಸಿಡುಬು ದೇಶ ಬಿಟ್ಟು ಹೋಯ್ತು ಅಂತ ರೇಡಿಯೋದಲ್ಲಿ ಹೇಳಿದ್ದೇ ಬಂತು, ಇವಳಿಗೆ ಸೀತಾಳೆ ಸಿಡುಬು. ಆ ಗಾಯ ಮಾಯೋವಾಗ ಮೈ ನಿಲ್ಲಬೇಕಾದಲ್ಲಿ ನಿಲ್ಲದೆ ಮಾಂಸ ಬೆಳೆಸಿಬಿಟ್ಟಿದೆ, ಅಷ್ಟೆ. ಮುಟ್ಟಿದರೆ ಯಾರಿಗೂ ಬರೋದಿಲ್ಲ. ಸರಿಯಾಗೇ ಹೇಳಿದೆ ತಾನೆ?

ಮತ್ತೆ ಅದನ್ನೇ ಕೇಳ್ತೀರಲ್ಲ! ಉಜ್ಜೋದು ನಾನೇ. ಇನ್ಯಾರು? ಎರಡು ಹೆಗಲಿನ ನಡುವೆ ಇರೋದು, ಅವಳ ಕೈ ಅಲ್ಲಿಗೆ ಎಟುಕುತ್ತಾ?

ಗಟ್ಟಿಯಾಗೇ ಇದೆಯಾ? ಸ್ವಲ್ಪವೂ ಇಳಿದಿಲ್ಲವಾ? ಹಾಗಾದರೆ ನಿಮ್ಮ ಇಂಜೆಕ್ಷನ್ನಿನಲ್ಲೇ ಏನೋ... ಕೋಪ ಬೇಡಿ, ಬಾಯಿಗೆ ಬಂದದ್ದು ಅಂದೆ. ಇವಳು ಅಂಗಾತ ಮಲಗಿ ನಿದ್ದೆ ಮಾಡಿ ಯಾವ ಕಾಲವಾಯ್ತೋ. ಉರಿ, ನವೆ, ಚುಚ್ಚಿದ ಹಾಗೆ ನೋವು. ಕೊಯ್ದು ತೆಗೀರಿ ಅಂದರೆ, ಕೊಯ್ದರೆ ಇನ್ನೂ ದೊಡ್ಡದಾಗಿ ಬೆಳೆಯಬಹುದು ಅಂದಿರಿ. ಇಂಜೆಕ್ಷನ್ ಒಂದೇ ಸಾಲದು, ಮನೆಯ ಆರೈಕೆಯೂ ಜೊತೆಗಿರಬೇಕು, ಅದಿಲ್ಲದೆ ಸುಮ್ಮನೆ ಹುಡುಗಿಗೆ ಸೂಜಿ ಚುಚ್ಚೋದಿಲ್ಲ ಅಂದಿರಿ. ಒಪ್ಪಿದೆನಲ್ಲ! ಇವತ್ತು ಕೊಡಿ. ಬರಿಗೈಯಲ್ಲಿ ಕಳಿಸಬೇಡಿ.

ಕೆಳಗೆ? ಕೆಳಗೆ ಏನು? ಕವಲು ಒಡೆದಿದೆಯಾ! ಯಾವಾಗ? ಅಂದರೆ... ನೋಡಿದೆ, ನೋಡದೆ ಏನು. ನಮ್ಮ ಮನೆ ದೀಪದ ಬೆಳಕು ಸಾಲದು, ನನ್ನ ಕನ್ನಡಕ ಬೇರೆ...

ಶುಚಿಯಲ್ಲಿ ಮಾತ್ರ ಕೊರತೆ ಇಲ್ಲ ಡಾಕ್ಟರೇ. ಅವಳ ಟವೆಲ್ ಬೇರೆ, ಸೋಪು ಬೇರೆ, ರವಿಕೆ ನೆನೆಸೋ ಬಕೆಟ್ಟೂ ಬೇರೆ. ಏನ್ರೀ ಹಾಗೆ ನೋಡ್ತೀರಿ? ಅದು ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಶಿಸ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?

ಎಣ್ಣೆ ಹಚ್ಚಿಲ್ಲ ಅಂತೀರಾ? ಬಂದು ನನ್ನ ಮನೆ ನೋಡಿ! ಹೋದ ದೀಪಾವಳಿಗೆ ಸುಣ್ಣ ಬಳಿಸಿದ ಗೋಡೆ, ಈಗ ಬೆನ್ನೆತ್ತರಕ್ಕೆ ಕಪ್ಪಗೆ ಜಿಡ್ಡು ಹಿಡಿದು ಕೂತಿದೆ. ಬಾಗಿಲ ಚೌಕಟ್ಟಿನ ಮೇಲೂ ಎಣ್ಣೆ. ಎಷ್ಟು ಸಲ ಬೈದಿದೀನಿ ಇವಳನ್ನ! ಬಟ್ಟೆಗೆ ಎಣ್ಣೆ ಸುರಿದು ಬೆನ್ನಿಗೆ ಕಟ್ಟಿಕೊಂಡು, ದನ ಕಂಬಕ್ಕೆ ಮೈ ತಿಕ್ಕೋ ಹಾಗೆ ಗೋಡೆಗೆ ತಿಕ್ಕಬೇಡವೇ ಅಂತ...

ಯಾಕೆ, ಬರೆಯೋದು ನಿಲ್ಲಿಸಿದಿರಿ? ಸೂಜಿ ಯಾಕೆ ಪಕ್ಕಕ್ಕೆ ಸರಿಸಿದಿರಿ?

ಅದು... ನಾನಿಲ್ಲದಾಗ. ಹಾಸ್ಟೆಲಿನಲ್ಲಿ ತಡವಾದಾಗ. ಯಾವಾಗಲೋ ಒಮ್ಮೆ. ವನಜಾಕ್ಷಿ, ನೀನೇ ಹೇಳೇ. ಅಮ್ಮ ಉಜ್ಜುತ್ತಾಳೆ ಅಂತ ಹೇಳು. ಬಾಯಿಲ್ಲವಾ ನಿನಗೆ? ನೆಲ ಏನು ನೋಡ್ತೀಯ?

ಈ ಎಣ್ಣೆ ಯಾಕೆ? ನನಗಾ? ಈಗ... ಇಲ್ಲೇ ಉಜ್ಜಬೇಕಾ? ಇಲ್ಲಿ ಬೇಡ ಡಾಕ್ಟರೇ, ಮನೆಗೆ ಹೋಗಿ... ಆಯ್ತು. ಆಯ್ತು ಅಂದೆನಲ್ಲ! ಕೈ ತೊಳೆದುಕೊಂಡು... ತೊಳೆದೇ ಬಂದಿದೀನಿ, ನಿಜ. ಬಳೆ ಅಡ್ಡ ಬರುತ್ತೆ, ತೆಗೆದುಬಿಡ್ತೀನಿ. ಒಂದು ನಿಮಿಷ. ನೀವು ಸ್ವಲ್ಪ ಆ ಕಡೆ ತಿರುಗಿದರೆ... ಇಲ್ಲ. ತಿರುಗೋದಿಲ್ಲ ನೀವು.

ಇಷ್ಟು ಕೆಂಪಾಗಿದೆಯಾ ಇದು...

ಇದೋ. ಇದೋ, ಮುಟ್ಟಿದೆ.

ಯಾಕೇ ಬೆಚ್ಚಿದೆ? ವನಜಾ... ಯಾಕೆ ಹಾಗೆ ಮುದುಡಿಕೊಂಡೆ? ಯಾರು ಅಂದುಕೊಂಡೆ? ಡಾಕ್ಟರಲ್ಲ ಕಣೇ, ಅವರು ನನಗೆ ಜಾಗ ಬಿಟ್ಟು ಅಗೋ ಅಲ್ಲಿ, ನಿನ್ನ ಎದುರಿಗೆ ಹೋಗಿ ನಿಂತಿದ್ದಾರೆ.

ನಾನು ಕಣೇ. ಅಮ್ಮ.

ಇದು ಅಮ್ಮನ ಕೈ.