ಬೆಳಕು ತಗ್ಗಿಸುವ ಕೀ

ಇದು ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಅವನದು. ಒಂದು ರಾತ್ರಿ ಹಾಳುಬಾವಿ ಪಕ್ಕದ ದಾರಿಯಲ್ಲಿ ಮನೆಗೆ ಬರುತ್ತಿದ್ದ. ಬಾವಿ ಹತ್ತಿರ ಬಿಳಿ ಸೀರೆ... ಹೆದರಬೇಡಿ, ಅದು ದೆವ್ವವಲ್ಲ. ಪಕ್ಕದ ಮನೆಯ ಟೈಲರಕ್ಕ, ಇವನಿಗಾಗಿಯೇ ಕಾದಿದ್ದರು.

"ಅವರು ಒತ್ತುತ್ತಲೇ ಇದ್ದಾರೆ ಕಣೋ," ಎಂದು ಪಿಸುಗುಟ್ಟಿದರು. "ಬೆಳಕು ತಗ್ಗುತ್ತಿಲ್ಲ."

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಅಕ್ಕನ ತೀರಿಕೊಂಡ ಗಂಡ ಮನೆಗಳ ನಕ್ಷೆ ಹಾಕುವವರು. ಮಂಚದ ಮೇಲೆ ಕೂತು ಕೆಲಸ ಮಾಡುವಾಗ, ಮಲಗಿದ ಹೆಂಡತಿಯ ಕಣ್ಣಿಗೆ ಚುಚ್ಚಬಾರದೆಂದು ಪರದೆಯ ಬೆಳಕು ತಗ್ಗಿಸುತ್ತಿದ್ದರು. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಸೂರ್ಯನ ಚಿತ್ರವಿರುವ ಕೀ ಇರುತ್ತದಲ್ಲ, ಅದರಿಂದ. ಅವರು ಹೋದ ಮೇಲೂ ಅಕ್ಕ ಲ್ಯಾಪ್‌ಟಾಪನ್ನು ಅದೇ ಜಾಗದಲ್ಲಿ ತೆರೆದಿಟ್ಟು ಮಲಗುತ್ತಿದ್ದರು. ದಿನವೂ ಟಕ್... ಟಕ್... ಬೆಳಕು ತಗ್ಗುತ್ತಿತ್ತು. ಅಕ್ಕ ಯಾರಿಗೂ ಹೇಳಿರಲಿಲ್ಲ.

ಲ್ಯಾಪ್‌ಟಾಪ್ ನಿಧಾನವಾಯಿತೆಂದು ನಮ್ಮವನು ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟಿದ್ದ. ಅಂಥ ವಿಶೇಷ ಕೀ ಒತ್ತಿದ್ದು ಸಿಸ್ಟಂಗೆ ತಿಳಿಯಬೇಕಾದರೆ, ಲ್ಯಾಪ್‌ಟಾಪ್ ಕಂಪನಿಯ ಒಂದು ಚಿಕ್ಕ ಸಾಫ್ಟ್‌ವೇರ್ ಬೇಕು. ಅದನ್ನು ಹಾಕಿರಲಿಲ್ಲ. ಅಕ್ಷರದ ಕೀಗಳನ್ನಷ್ಟೇ ಒತ್ತಿ ನೋಡಿ, ಎಲ್ಲ ಸರಿಯಿದೆ ಎಂದುಕೊಂಡಿದ್ದ.

ಅಕ್ಕನ ಹಿಂದೆಯೇ ಹೋದ. ಕೋಣೆಯಲ್ಲಿ ಯಾರೂ ಇಲ್ಲ. ಟಕ್... ಟಕ್... ಟಕ್... ಆ ಒಂದು ಕೀ ಮಾತ್ರ ತಗ್ಗಿ ಏಳುತ್ತಿತ್ತು. ಪರದೆ ಬೆಳ್ಳಗೆ ಹಾಗೇ ಇತ್ತು. ಎಷ್ಟು ರಾತ್ರಿಗಳಿಂದ ಒತ್ತುತ್ತಿದ್ದರೋ ಪಾಪ. ಅಲ್ಲೇ ಕೂತು ಆ ಸಾಫ್ಟ್‌ವೇರ್ ಹಾಕಿದ.

"ಈಗ ಒತ್ತಿ, ಭಾವ."

ಟಕ್. ಬೆಳಕು ತಗ್ಗಿತು. ಸದ್ದು ನಿಂತಿತು.

ಆಮೇಲೆ ಸದ್ದು ಬರಲೇ ಇಲ್ಲ. ಹೊಸ ಸಿಸ್ಟಂ ತಗ್ಗಿಸಿದ ಬೆಳಕನ್ನು ನೆನಪಿಟ್ಟುಕೊಳ್ಳುತ್ತದೆ. ಮತ್ತೆ ಒತ್ತುವ ಅಗತ್ಯವಿಲ್ಲ. ಅಕ್ಕ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಅಂಗಡಿಗೆ ಬಂದರು. ಬೆಳಕು ಪೂರ್ತಿ ಏರಿಸಿ, ಆ ಸಾಫ್ಟ್‌ವೇರ್ ತೆಗೆದುಬಿಡು ಎಂದರು. ಭಾವ ಮತ್ತೆ ಒದ್ದಾಡಬೇಕಾ ಎಂದು ಇವನು ಕೇಳಿದ.

"ಒದ್ದಾಡುವಾಗ ಪಕ್ಕದಲ್ಲೇ ಇದ್ದರಲ್ಲೋ," ಎಂದರು ಅಕ್ಕ.

ತೆಗೆದ. ತಾನೇ ಕೀ ಒತ್ತಿ ನೋಡಿದ, ಬೆಳಕು ಜಗ್ಗಲಿಲ್ಲ. ಆ ರಾತ್ರಿ ಅಕ್ಕನ ಕೋಣೆಯ ಬಾಗಿಲಲ್ಲಿ ಕಾದು ಕೂತ. ಅಕ್ಕ ಕಿವಿಗೊಟ್ಟು ಕೂತೇ ಇದ್ದರು. ಟಕ್ ಎನ್ನಲಿಲ್ಲ... ಗೋಡೆ ಗಡಿಯಾರದ ಸದ್ದು ಬಿಟ್ಟರೆ ಏನೂ ಇಲ್ಲ. ಕೊನೆಗೆ ಅತ್ತು ಸುಸ್ತಾಗಿ ದಿಂಬಿಗೆ ತಲೆಯಿಟ್ಟರು.

ಬೆಳಕು ಮೆಲ್ಲಗೆ ತಗ್ಗಿತು.

ಇಲ್ಲ, ಇವನು ತೂಕಡಿಸಿರಲಿಲ್ಲ. ಕಣ್ಣು ಆ ಕೀ ಮೇಲೆಯೇ ಇತ್ತು. ಕೀ ಅಲುಗಾಡಲಿಲ್ಲ.