ಎಡಕ್ಕೆ ಸರಿಯುವ ಬೆಲ್ಟು

ಸ್ವಲ್ಪ ಹತ್ತಿರ ಬನ್ನಿ. ಮೆಲ್ಲಗೆ ಹೇಳುತ್ತೇನೆ... ಆ ಮನೆ ಇಲ್ಲಿಂದ ದೂರವೇನಿಲ್ಲ. ಒಲ್ಲೂರು ಪೇಟೆಯ ಹಿಂದಿನ ಓಣಿಯಲ್ಲಿ, ನಮ್ಮ ಕಾಂಪೌಂಡಿಗೆ ತಾಗಿಕೊಂಡೇ ಇದೆ. ಕಟ್ಟುಕತೆ ಅನ್ನುವವರು ಬೇಕಾದರೆ ಈಗಲೇ ಎದ್ದು ಹೋಗಬಹುದು.

ಆ ಮನೆಯ ದೇವಸ್ಸಿ ಅವತ್ತು ರಾತ್ರಿ ಇಸ್ಪೀಟು ಮುಗಿಸಿ ಒಬ್ಬನೇ ಬರುತ್ತಿದ್ದ. ಗೇಟು ತೆಗೆದ... ಕೀಂಚ್. ಮನೆಗೆ ಹೋಗಬೇಕಾದರೆ ಬಾವಿಯ ಪಕ್ಕದಲ್ಲೇ ಹಾದುಹೋಗಬೇಕು. ಮೊದಲೆಲ್ಲ ಆ ಕಟ್ಟೆಯ ಮೇಲೆ ಕೂತು ಬೀಡಿ ಎಳೆಯುತ್ತಿದ್ದವನು, ಹೆಂಡತಿಯನ್ನು ಮಣ್ಣು ಮಾಡಿದ ಮೇಲೆ ಅದರ ಕಡೆಗೆ ಮುಖ ಹಾಕುತ್ತಿರಲಿಲ್ಲ. ಅವತ್ತೂ ಮುಖ ತಿರುಗಿಸಿಕೊಂಡೇ ನಡೆದ. ಬಾವಿಯೊಳಗೆ ಏನೋ ಅಲುಗಿತು... ಗುಳುಕ್. ಕಪ್ಪೆ ಇರಬೇಕು ಅಂದುಕೊಂಡ.

ಆಮೇಲೆ ಮಹಡಿಯಿಂದ ಕೇಳಿಸಿತು.

ಟಪ್... ಸರ್‍ರ್. ಟಪ್... ಸರ್‍ರ್.

ಬಲಗಾಲು ಊರಿ ಎಡಗಾಲು ಎಳೆಯುವ ಸದ್ದು. ಸತ್ತ ಹೆಂಡತಿ ರೋಸಿಲಿಯ ನಡಿಗೆ ಅದು. ಅವಳ ಎಡಮಂಡಿ ಊದಿಕೊಂಡು ವರ್ಷಗಳೇ ಆಗಿದ್ದವು.

ಮಹಡಿಯಲ್ಲೊಂದು ಟ್ರೆಡ್‌ಮಿಲ್ ಇತ್ತು, ಕುವೈತಿನಲ್ಲಿದ್ದ ಅವಳ ತಮ್ಮ ವರೀದ್ ಕಳಿಸಿದ್ದು. ಅಕ್ಕನಿಗೆ ಸಕ್ಕರೆ ಕಾಯಿಲೆ, ಮಳೆಗಾಲದಲ್ಲಿ ಒಳಗೇ ನಡೆಯಲಿ ಎಂಬ ಪ್ರೀತಿ. ಬಂದ ಮೊದಲ ವರ್ಷ ಅದರ ಮೇಲೆ ಅವಳ ಒದ್ದೆ ಚಟ್ಟೆ ಮುಂಡು, ಅಂದರೆ ರವಿಕೆ ಪಂಚೆ, ಒಣಗುತ್ತಿದ್ದವು, ಎಲ್ಲರ ಮನೆಯಂತೆ. ದೇವಸ್ಸಿ ಹಡಗಿನ ಎಂಜಿನ್ ಕೋಣೆಯಿಂದ ನಿವೃತ್ತನಾಗಿ ಬಂದ ಮೇಲೆ ಬಟ್ಟೆ ಕೆಳಗಿಳಿದವು, ರೋಸಿಲಿ ಮೇಲೆ ಹತ್ತಿದಳು.

ಯಂತ್ರವನ್ನು ಅವನು ನೋಡಿಕೊಂಡಷ್ಟು ಚೆನ್ನಾಗಿ ಯಾರೂ ಹೆಂಡತಿಯನ್ನೂ ನೋಡಿಕೊಳ್ಳಲಿಕ್ಕಿಲ್ಲ. ಬೆಲ್ಟಿನ ಅಡಿಗೆ ಸಿಲಿಕೋನ್ ಎಣ್ಣೆ, ಮೋಟರಿನ ಧೂಳಿಗೆ ಬ್ರಷ್ಷು. ಅವಳು ಎಡಗಾಲು ಎಳೆಯುವುದರಿಂದ ಬೆಲ್ಟು ಎಡಕ್ಕೆ ಸರಿಯುತ್ತಿತ್ತು. ವಾರ ವಾರ ಹಿಂದಿನ ಎಡ ಬೋಲ್ಟನ್ನು ಕಾಲು ಸುತ್ತು ಬಿಗಿ ಮಾಡಿ ನಡುವಿಗೆ ತರುತ್ತಿದ್ದ. "ಬೆಲ್ಟಿಗಾದರೂ ಹೇಳಿದ್ದು ಅರ್ಥ ಆಗುತ್ತೆ ಕಣೇ. ನಿನ್ನ ಕಾಲಿಗೆ ಯಾವ ಬೋಲ್ಟು ತಿರುಗಿಸ್ಲಿ?" ಎಂದು ನಗುತ್ತಿದ್ದ. ಕೆಳಗೆ ಅವನ ಅಕ್ಕ ಏಲಿಯೂ ನಗುತ್ತಿದ್ದಳು.

ಆ ಯಂತ್ರಕ್ಕೊಂದು ಕೆಂಪು ಕೀ ಇರುತ್ತದೆ ನೋಡಿ. ಅದರ ದಾರದ ತುದಿಯ ಕ್ಲಿಪ್ಪನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳಬೇಕು. ಬಿದ್ದರೆ ದಾರ ಎಳೆದು ಕೀ ಕಿತ್ತುಬರುತ್ತದೆ, ಬೆಲ್ಟು ನಿಲ್ಲುತ್ತದೆ. ರೋಸಿಲಿ ಏದುಸಿರು ಹತ್ತಿದಾಗೆಲ್ಲ ಅದನ್ನು ಎಳೆದು ನಿಲ್ಲಿಸಿ ಕೂತುಬಿಡುತ್ತಿದ್ದಳು. ಸೋಮಾರಿತನ ಅಂದ ದೇವಸ್ಸಿ. ಕೀಯನ್ನು ಜೇಬಿಗಿಳಿಸಿದ. ಫ್ರಿಜ್ಜಿನ ಬಾಗಿಲಿನಿಂದ ವೇಳಾಂಕಣ್ಣಿ ಮಾತೆಯ ಮ್ಯಾಗ್ನೆಟ್ ಕಿತ್ತು ತಂದು, ಕೀ ಇರುವ ಜಾಗಕ್ಕೆ ಅಂಟು ಹಾಕಿ ಕೂರಿಸಿದ. ಕೀಯೊಳಗಿರುವುದೂ ಒಂದು ಮ್ಯಾಗ್ನೆಟ್ಟೇ, ಹಾಗಾಗಿ ಯಂತ್ರ ಕೀ ಅಲ್ಲೇ ಇದೆ ಅಂತ ತಿಳಿದು ಓಡುತ್ತದೆ. ನಿಲ್ಲಿಸುವ ಗುಂಡಿಯ ವೈರನ್ನೂ ಬಿಚ್ಚಿಟ್ಟ. ಈಗ ಆ ಯಂತ್ರ ಅವನು ಪ್ಲಗ್ ಕಿತ್ತರೆ ಮಾತ್ರ ನಿಲ್ಲುತ್ತಿತ್ತು.

"ಮಾತೆನೇ ನಿನ್ನ ನೋಡ್ಕೊಳ್ತಾಳೆ, ನಡಿ," ಎಂದು ಒಂದು ದಿನ ವೇಗ ಏರಿಸಿ ಮೀನು ತರಲು ಹೋದ. ಅವಳು ಮೇಲಿನಿಂದ "ಚೇಚೀ... ನಿಲ್ಲಿಸೀ..." ಎಂದು ಕೂಗಿದಳು; ಚೇಚಿ ಅಂದರೆ ಅಕ್ಕ, ಏಲಿಯನ್ನು ಕರೆಯುತ್ತಿದ್ದದ್ದು ಹಾಗೆ. ಏಲಿ ಟಿ.ವಿ.ಯ ಸದ್ದು ಜಾಸ್ತಿ ಮಾಡಿದಳು. ದಿನವೂ ಹಾಗೇ ಮಾಡುತ್ತಿದ್ದಳು.

ಅವತ್ತು ರೋಸಿಲಿ ಬಿದ್ದಳು. ಬೆಲ್ಟು ನಿಲ್ಲಲಿಲ್ಲ.

ಹೃದಯ ನಿಂತಿದೆ ಅಂದರು ಡಾಕ್ಟರು. ಶವಪೆಟ್ಟಿಗೆಯಲ್ಲಿ ಅವಳ ಎಡಗೆನ್ನೆಯನ್ನು ಬಲೆಯ ಮುಸುಕಿನಿಂದ ಮುಚ್ಚಿದ್ದರು. ಯಾಕೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಹಾಳಾದ್ದು. ಆ ರಾತ್ರಿ ದೇವಸ್ಸಿ ಕೆಂಪು ಕೀಯನ್ನು ದಾರದ ಸಮೇತ ಬಾವಿಗೆ ಎಸೆದ.

ಈಗ ಮತ್ತೆ ಆ ಇಸ್ಪೀಟಿನ ರಾತ್ರಿಗೆ ಬನ್ನಿ. ಬಾಗಿಲಲ್ಲಿ ಏಲಿ ಜಪಮಾಲೆ ಹಿಡಿದು ನಿಂತಿದ್ದಳು. ಅದರ ಮಣಿಗಳು ಕಟಕಟ ಅನ್ನುತ್ತಿದ್ದವು.

"ದೇವಸ್ಸೀ... ಮೇಲೆ ಯಾರೋ ನಡೀತಿದಾರೆ ಕಣೋ."

"ಹೆಗ್ಗಣ."

"ಹೆಗ್ಗಣ ಕುಂಟುತ್ತಾ?"

"ಬಾಯ್ಮುಚ್ಚು ಚೇಚಿ. ಟಿ.ವಿ. ನೋಡ್ಹೋಗು."

"ನಾಳೆ ಬೆಳಿಗ್ಗೆ ವರೀದ್ ಬರ್ತಾನೆ. ಅಕ್ಕನ ಮಿಷನ್ನು ನಾನೇ ತಗೊಂಡೋಗ್ತೀನಿ ಅಂದಿದಾನೆ... ಕೀ ಎಲ್ಲಿ ಅಂತ ಕೇಳಿದ್ರೆ?"

ಅವನ ಚಿಂತೆಯೂ ಅದೇ. ಕೀ ಕಳೆದುಹೋಯಿತು ಅನ್ನಬಹುದು. ಆದರೆ ಅಂಟು ಹಾಕಿದ ಮ್ಯಾಗ್ನೆಟ್ಟನ್ನು ವರೀದ್ ನೋಡಿದನೋ, ಎಲ್ಲ ಮುಗಿಯಿತು. ಸತ್ತ ನಲವತ್ತೊಂದನೆಯ ದಿನದ ಊಟದಲ್ಲೇ ಆ ಹುಡುಗ ಅಕ್ಕನ ಕೆನ್ನೆಯ ವಿಷಯ ಎತ್ತಿದ್ದ. ಬೆಳಗಾಗುವುದರೊಳಗೆ ಅದು ಅಲ್ಲಿರಕೂಡದು.

ಸ್ಕ್ರೂಡ್ರೈವರ್ ಹಿಡಿದು ಮೇಲೆ ಹೋದ. ಸದ್ದು ನಿಂತಿತು. ದೀಪ ಹಾಕಿದ... ಯಾರೂ ಇಲ್ಲ. ಬೆಲ್ಟು ಮುಟ್ಟಿದ. ಬಿಸಿ ಇತ್ತು. ಎಡಕ್ಕೆ ಸರಿದು ಅಂಚಿಗೆ ಉಜ್ಜಿಕೊಂಡಿತ್ತು. ತಿಂಗಳಿಗೂ ಮೇಲಾಯಿತು ಅದರ ಮೇಲೆ ಯಾರೂ ಕಾಲಿಟ್ಟಿಲ್ಲ.

ಅವನು ಹೆದರುವ ಜಾತಿಯಲ್ಲ, ಒಪ್ಪೋಣ. ಅಭ್ಯಾಸದಂತೆ ಅಲ್ಲೇ ಇದ್ದ ಸ್ಪ್ಯಾನರಿನಿಂದ ಬೋಲ್ಟು ತಿರುಗಿಸಿ ಬೆಲ್ಟನ್ನು ನಡುವಿಗೆ ತಂದ. ಪ್ಲಗ್ ಹಾಕಿ ಖಾಲಿ ಓಡಿಸಿದ. ಉಂ... ಎಂದು ಶುರುವಾದ ಮೋಟರು ತಟ್ಟನೆ ದನಿ ತಗ್ಗಿಸಿ ತಿಣುಕಿತು. ಬೆಲ್ಟಿನ ಮೇಲೆ ಆಳು ಹತ್ತಿದಾಗ ಹಾಗೆ ತಿಣುಕುತ್ತದೆ. ಇಪ್ಪತ್ತೆಂಟು ವರ್ಷ ಎಂಜಿನ್ನಿನ ಸದ್ದು ಕೇಳಿದವನಿಗೆ ಅದು ತಿಳಿಯದೆ ಇರುತ್ತದೆಯೇ? ಬೆಲ್ಟು ಅವನ ಕಣ್ಣೆದುರಿಗೇ ಎಡಕ್ಕೆ ಸರಿಯಿತು... ಇಷ್ಟಿಷ್ಟೇ.

ಪ್ಲಗ್ ಕಿತ್ತು ಎಸೆದ. ಠಣ್. ಬೆಲ್ಟು ನಿಂತಿತು. ಮ್ಯಾಗ್ನೆಟ್ಟು ಎತ್ತರದಲ್ಲಿತ್ತು. ಬೆಲ್ಟಿನ ಮೇಲೆ ಹತ್ತಿ ನಿಂತು ಸ್ಕ್ರೂಡ್ರೈವರಿನ ತುದಿಯನ್ನು ಮಾತೆಯ ಪಾದದ ಅಡಿಗೆ ತೂರಿಸಿದ.

ಕಾಲಡಿಯಲ್ಲಿ ಬೆಲ್ಟು ಅಲುಗಿತು.

ತಿರುಗಿ ನೋಡಿದ. ಪ್ಲಗ್ ನೆಲದ ಮೇಲೇ ಬಿದ್ದಿತ್ತು.

ಒಂದು ಹೆಜ್ಜೆ ಹಾಕಿದ. ಹಾಕದೆ ಗತಿಯಿರಲಿಲ್ಲ. ಇನ್ನೊಂದು. ಪಕ್ಕಕ್ಕೆ ಹಾರಲು ನೋಡಿದ, ಎಡಗಾಲು ಏಳಲಿಲ್ಲ. ಟಪ್... ಸರ್‍ರ್. ನಿಲ್ಲಿಸುವ ಗುಂಡಿ ಗುದ್ದಿದ. ಆ ವೈರು ಬಿಚ್ಚಿಟ್ಟವನು ಅವನೇ. ಮ್ಯಾಗ್ನೆಟ್ಟು ಕೀಳಲು ಉಗುರು ಹಾಕಿದ. ಒಳ್ಳೆಯ ಅಂಟು ತಂದಿದ್ದವನೂ ಅವನೇ. ವೇಗ ಏರಿತು. ಟಪ್-ಸರ್‍ರ್, ಟಪ್-ಸರ್‍ರ್, ಟಪ್-ಸರ್‍ರ್...

"ಚೇಚೀ... ನಿಲ್ಲಿಸೀ..."

ಕೆಳಗೆ ಏಲಿಗೆ ಆ ಕೂಗು ಸ್ಪಷ್ಟವಾಗಿ ಕೇಳಿಸಿತು. ಕೊರಳ ಶಿಲುಬೆ ಹಿಡಿದು ಈಗಲೂ ಹೇಳುತ್ತಾಳೆ, ಅದು ತಮ್ಮನ ದನಿಯಲ್ಲ, ರೋಸಿಲಿಯ ದನಿ ಅಂತ. ಎದ್ದು ಮೇಲೆ ಹೋಗಲಿಲ್ಲ. ರಿಮೋಟು ತೆಗೆದುಕೊಂಡಳು. ಟಿ.ವಿ.ಯ ಸದ್ದು ಜಾಸ್ತಿ ಮಾಡಿದಳು. ಕೂಗು ಮತ್ತೆ ಬಂತು. ಇನ್ನೂ ಜಾಸ್ತಿ ಮಾಡಿದಳು. ಆ ಧಾರಾವಾಹಿಯ ಅಳು ನಮ್ಮ ಮನೆಯವರೆಗೂ ಕೇಳಿ, ಮುದುಕಿಗೆ ಕಿವಿ ಹೋಯಿತೇನೋ ಎಂದು ನಾನು ಬೈದುಕೊಂಡು ಮಗ್ಗುಲಾದೆ.

ಬೆಳಿಗ್ಗೆ ವರೀದ್ ಬಂದ. ಮೇಲೆ ಹೋದ. ಕಿಟಕಿಯಿಂದ ನನ್ನನ್ನು ಕರೆದ.

ದೇವಸ್ಸಿ ಬೋರಲು ಬಿದ್ದಿದ್ದ. ಪಾದಗಳಲ್ಲಿ ಚರ್ಮ ಇರಲಿಲ್ಲ. ಎಡಗೆನ್ನೆ ಬೆಲ್ಟಿಗೆ ಉಜ್ಜಿ... ಬೇಡ ಬಿಡಿ. ಹೃದಯ ನಿಂತಿದೆ ಅಂದರು ಡಾಕ್ಟರು. ಅದೇ ಡಾಕ್ಟರು. ಪಾಪ ಅನ್ನುವವರು ಅನ್ನಲಿ, ನನ್ನ ಬಾಯಿಂದ ಆ ಮಾತು ಬರುವುದಿಲ್ಲ.

ವರೀದ್ ಮ್ಯಾಗ್ನೆಟ್ಟನ್ನೇ ನೋಡುತ್ತ ನಿಂತಿದ್ದ. ಆಮೇಲೆ ಬಗ್ಗಿ ಭಾವನ ಬೆನ್ನು ತೋರಿಸಿದ. ಎರಡು ಭುಜದ ನಡುವೆ, ತನ್ನ ಕೈ ತನಗೆ ಎಟುಕದ ಜಾಗದಲ್ಲಿ, ಅಂಗಿಗೆ ಕ್ಲಿಪ್ಪು ಸಿಕ್ಕಿಸಿತ್ತು. ಕ್ಲಿಪ್ಪಿಗೆ ದಾರ. ದಾರದ ಕೊನೆಗೆ ಆ ಕೆಂಪು ಕೀ.

ನಾನೇ ಬಿಚ್ಚಿ ತೆಗೆದೆ. ಈ ಕೈಯಲ್ಲೇ. ನಂಬಿ, ಬಿಡಿ... ದಾರದಿಂದ ಬಾವಿಯ ನೀರು ತೊಟ್ಟಿಕ್ಕುತ್ತಿತ್ತು.