ಬಾಮೈದನ ಹಲ್ಲು

ಊರು ಯಾವುದಾದರೂ ಆಗಲಿ, ಅಲ್ಲೊಬ್ಬ ಶ್ರೀಮಂತ ಇದ್ದ. ಮೆಣಸಿನಕಾಯಿ ವ್ಯಾಪಾರ. ಎಂಥ ಅನುಮಾನದ ಪ್ರಾಣಿ ಅಂದರೆ, ಹೆಂಡತಿ ಕೊಟ್ಟ ಕಾಫಿಯನ್ನೂ ಮೂಸಿ ನೋಡಿಯೇ ಕುಡಿಯುತ್ತಿದ್ದ. ನಗಬೇಡಿ ಭಕ್ತರೇ, ನಿಮ್ಮಲ್ಲೂ ಅಂಥವರಿದ್ದೀರಿ.

ಅವನ ಹೃದಯದ ವಾಲ್ವ್ ಕೆಟ್ಟಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು, "ವಾಲ್ವ್ ಬದಲಾಯಿಸ್ಬೇಕು. ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ ಚೀಟಿ ತನ್ನಿ. ಬಾಯಲ್ಲಿ ಕೀವಿದ್ರೆ ಕ್ರಿಮಿ ರಕ್ತಕ್ಕೆ ಸೇರಿ ಹೊಸ ವಾಲ್ವ್‌ಗೆ ಅಂಟುತ್ತೆ" ಎಂದರು.

ಹೊರಗೆ ಬಂದವನೇ ಹೆಂಡತಿಗೆ, "ನೋಡ್ದೇನೇ? ಎದೆ ತೋರ್ಸಕ್ಕೆ ಬಂದ್ರೆ ಹಲ್ಲು ಕೀಳ್ತಾರಂತೆ! ಇಬ್ರೂ ಶಾಮೀಲು. ಇವನು ಕಳ್ಸೋದು, ಅವನು ಕೀಳೋದು" ಅಂದ.

"ಎರಡು ವರ್ಷದಿಂದ ದವಡೆ ಹಲ್ಲಿಗೆ ಲವಂಗ ಇಟ್ಕೊಂಡೇ ಇದೀರಲ್ರೀ. ಒಂದ್ಸಲ ತೋರಿಸ್ಬಾರ್ದಾ?"

"ಸುಮ್ನಿರೇ, ನಿನ್ನ ತಲೇನೂ ಕೆಡ್ಸಿದಾರೆ."

ಆಮೇಲೆ ಏನು ಮಾಡಿದ ಗೊತ್ತೇ? ಬಾಮೈದನನ್ನು ಕರೆದ. ಹೆಚ್ಚುಕಡಿಮೆ ಸಮವಯಸ್ಸು, ಎಲೆ ಅಡಿಕೆ ಮುಟ್ಟದವನು, ಹಲ್ಲು ಗಟ್ಟಿಮುಟ್ಟು. ತನ್ನ ಹೆಸರು ಹೇಳಿಸಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಅವನನ್ನು ಕೂರಿಸಿದ! ಭಾವನ ಮಾತು ಮೀರಲಾರದೆ ಅವನೂ ಬಾಯಿ ತೆರೆದ. ಎಕ್ಸ್‌ರೇ ಬಂತು, ಚೀಟಿ ಬಂತು. ಹಲ್ಲು ಚೆನ್ನಾಗಿವೆ ಎಂದಿತ್ತು. ಶ್ರೀಮಂತ ಮೀಸೆ ತಿರುವಿದ.

ಆಪರೇಷನ್ ಆಯಿತು. ತಿಂಗಳೊಳಗೆ ನಡುಕದ ಜ್ವರ. ರಕ್ತ ಪರೀಕ್ಷೆ ನೋಡಿ ಡಾಕ್ಟರು ತಬ್ಬಿಬ್ಬು. "ಇದು ಬಾಯಿಂದ ಬಂದ ಸೋಂಕಿನ ಹಾಗಿದೆ. ಇವರ ಹಲ್ಲು ಚೆನ್ನಾಗಿತ್ತಲ್ಲ?"

ಬಾಮೈದ ಗೋಡೆಗೊರಗಿ ಗೊಳೋ ಎಂದು ಅತ್ತ. "ಅದು ನನ್ನ ಹಲ್ಲು ಸಾರ್!"

ಕೊಳೆತ ಹಲ್ಲನ್ನು ಆಗ ಕಿತ್ತರು. ಎದೆಯನ್ನು ಮತ್ತೆ ತೆರೆದರು. ಶ್ರೀಮಂತ ಉಳಿಯಲಿಲ್ಲ.

ನೋಡಿ, ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟುತ್ತಿದ್ದೀರಿ. ಈ ಸ್ವಾಮಿಗಳಿಗೂ ಹಲ್ಲಿನ ಡಾಕ್ಟರಿಗೂ ಏನೋ ಒಳ ಒಪ್ಪಂದ ಇರಬೇಕು ಅಂತ ತಾನೇ? ಪಡಿ, ಅನುಮಾನ ಪಡಿ! ಡಾಕ್ಟರನ್ನೇ ಎದುರಿಗೆ ಕೇಳಿ, ಇನ್ನೊಬ್ಬ ಡಾಕ್ಟರನ್ನೂ ಕೇಳಿ. ಬೇಡ ಅಂದವರು ಯಾರು? ಆದರೆ ಬಾಯಿ ಮಾತ್ರ ನಿಮ್ಮದೇ ತೆರೆಯಿರಿ. ನಿಮಗೆ ಬೇರೆಯವರನ್ನು ಮುಂದೆ ತಳ್ಳುವ ಚಾಳಿ. ಏಕಾದಶಿ ಉಪವಾಸ ಮನೆಯವಳದ್ದು, ಪುಣ್ಯ ಮಾತ್ರ ನಿಮಗೂ ಬೇಕು. ಹೌದೋ ಅಲ್ಲವೋ?

ಆ ಬಾಮೈದ ಇವತ್ತಿಗೂ ಒಡಹುಟ್ಟಿದವಳ ಮುಖ ನೋಡಿ ಮಾತಾಡಲಾರ. ನಿಮ್ಮವರನ್ನು ಅಂಥ ಸಂಕಟಕ್ಕೆ ದೂಡಬೇಡಿ. ಎದೆಯ ಆಪರೇಷನ್‌ಗೆ ದಿನ ಗೊತ್ತಾದವರು ಇಲ್ಲಿದ್ದರೆ, ನಾಳೆ ಬೆಳಿಗ್ಗೆ ನೀವೇ ಹೋಗಿ ಹಲ್ಲು ತೋರಿಸಿ. ಎಲ್ಲಿ ನೋಯುತ್ತದೆ ಎಂದು ಕೇಳಿದಾಗ, ಮುಚ್ಚಿಡದೆ ಹೇಳಿ.